ತೂಕದ ಚೀಟಿ ಹೇಳದ ಭವಿಷ್ಯ



ರೈಲ್ವೆ ಪ್ಲಾಟ್‌ಫಾರಂ ಮೇಲಿನ ತೂಕದ ಯಂತ್ರ ನಿಮಗೆ ನೆನಪಿದೆಯೇ? ಬಣ್ಣದ ದೀಪಗಳು ಮಿಣುಕುತ್ತಿದ್ದವು, ಗಾಜಿನ ಹಿಂದೆ ಒಂದು ಚಕ್ರ ತಿರುಗುತ್ತಿತ್ತು. ಚಕ್ರ ನಿಂತ ಮೇಲೆ ನಾಣ್ಯ ಹಾಕಿದರೆ ಪುಟ್ಟದೊಂದು ರಟ್ಟಿನ ಚೀಟಿ ಹೊರಗೆ ಬೀಳುತ್ತಿತ್ತು. ಒಂದು ಮಗ್ಗುಲಲ್ಲಿ ತೂಕ, ಇನ್ನೊಂದು ಮಗ್ಗುಲಲ್ಲಿ ಭವಿಷ್ಯ. ಭವಿಷ್ಯವನ್ನು ನಂಬದವರೂ ತೂಕವನ್ನು ನಂಬುತ್ತಿದ್ದರು. "ಅರವತ್ತೆಂಟು ಕೆಜಿ, ಪರವಾಗಿಲ್ಲ" ಎಂದು ಚೀಟಿಯನ್ನು ಜೇಬಿಗೆ ಸೇರಿಸಿ ಲೋಕಲ್ ಹತ್ತುತ್ತಿದ್ದರು.

ಆ "ಪರವಾಗಿಲ್ಲ" ಎಂಬ ಮಾತಿನ ಮೇಲೆ ಎಷ್ಟು ಭರವಸೆ ಇಡಬಹುದು? ಈ ಸಂಚಿಕೆಯ ಇತಿಹಾಸದ ಪುಟದಲ್ಲಿ ಅದನ್ನೇ ನೋಡೋಣ. ಇಲ್ಲಿ ರಾಜರ ಕಥೆ ಇಲ್ಲ, ಯುದ್ಧದ ಕಥೆಯೂ ಇಲ್ಲ. ಇದು ನಮ್ಮ ನಿಮ್ಮ ಹೊಟ್ಟೆಯ ಕಥೆ. ಹೊಟ್ಟೆಯ ಬೊಜ್ಜಿಗೂ ಸಕ್ಕರೆ ಕಾಯಿಲೆಗೂ ಇರುವ ನಂಟನ್ನು ವೈದ್ಯಲೋಕ ಹೇಗೆ ಕಂಡುಕೊಂಡಿತು, ಅದಕ್ಕೆ ಯಾಕೆ ಅಷ್ಟು ತಡವಾಯಿತು, ಆ ಹುಡುಕಾಟದಲ್ಲಿ ಮೈಸೂರು, ಪುಣೆ, ಚೆನ್ನೈಗಳ ಪಾಲೇನು ಎಂಬುದನ್ನು ಹೇಳುತ್ತೇನೆ. ನಾನು ವೈದ್ಯೆಯಲ್ಲ, ಕನ್ನಡ ಓದಿ ಮೈಕಿನ ಮುಂದೆ ಕುಳಿತವಳು. ಔಷಧಿ ಬರೆದುಕೊಡುವ ಕೆಲಸ ನಿಮ್ಮ ಡಾಕ್ಟರರದು. ಕಥೆ ಹೇಳುವ ಕೆಲಸ ನನ್ನದು.

ಸುಶ್ರುತ ಕಂಡ ಇಬ್ಬರು ರೋಗಿಗಳು

ಮಧುಮೇಹ ಎಂಬ ಪದದಲ್ಲೇ ಜೇನು ಇದೆ. ರೋಗಿಯ ಮೂತ್ರ ಸಿಹಿಯಾಗಿರುವುದನ್ನು, ಅದಕ್ಕೆ ಇರುವೆ ಮುತ್ತುವುದನ್ನು ನಮ್ಮ ಪ್ರಾಚೀನ ವೈದ್ಯರು ಗಮನಿಸಿದ್ದರು. ಸುಶ್ರುತ ಸಂಹಿತೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಈ ರೋಗಿಗಳನ್ನು ಎರಡು ಬಗೆಯಾಗಿ ವಿಂಗಡಿಸುತ್ತದೆ. ಒಂದು ಹುಟ್ಟಿನಿಂದ ಬಂದದ್ದು; ಅಂಥ ರೋಗಿ ಕೃಶನಾಗಿರುತ್ತಾನೆ, ಸದಾ ಬಾಯಾರಿಕೆ. ಇನ್ನೊಂದು ಪಥ್ಯ ತಪ್ಪಿದ ಬದುಕಿನಿಂದ ಬಂದದ್ದು. ಆ ರೋಗಿ ಸ್ಥೂಲಕಾಯದವನು, ಹೆಚ್ಚು ಉಣ್ಣುವವನು, ಕೂರುವುದು ಮಲಗುವುದು ಅವನಿಗೆ ಇಷ್ಟ.

ಚಿಕಿತ್ಸೆಯೂ ಸ್ವಾರಸ್ಯವಾಗಿದೆ. ಕೈಯಲ್ಲಿ ಕಾಸಿಲ್ಲದ ರೋಗಿ ಚಪ್ಪಲಿಯಿಲ್ಲದೆ, ಕೊಡೆಯಿಲ್ಲದೆ, ಭಿಕ್ಷಾನ್ನ ಉಣ್ಣುತ್ತಾ ನೂರು ಯೋಜನ ನಡೆಯಬೇಕಂತೆ. ಬಾವಿ ತೋಡುವುದೂ ಒಂದು ಮದ್ದು. ಇಂದಿನ ಡಾಕ್ಟರು "ದಿನಾ ವಾಕಿಂಗ್ ಮಾಡಿ" ಎನ್ನುವಾಗ ಸುಮಾರು ಎರಡು ಸಾವಿರ ವರ್ಷಗಳಷ್ಟು ಹಳೆಯ ಸಲಹೆಯನ್ನೇ ಮೃದುವಾಗಿ ಹೇಳುತ್ತಿದ್ದಾರೆ ಎಂದಾಯಿತು.

ಆದರೆ ಸ್ಥೂಲಕಾಯ ಮಾತ್ರ ಕಾರಣವಾದರೆ, ದಪ್ಪಗಿದ್ದವರಲ್ಲೂ ಕೆಲವರಿಗೆ ಮಾತ್ರ ಸಕ್ಕರೆ ಕಾಯಿಲೆ ಬರುವುದೇಕೆ? ಸಣ್ಣಗಿರುವವರಿಗೂ ಬರುವುದೇಕೆ? ಈ ಒಗಟು ಬಿಡಿಸಲು ಬಹಳ ಕಾಲ ಹಿಡಿಯಿತು.

ಪ್ರಸಾರ ಸರಿಯಿದೆ, ರೇಡಿಯೋ ಕೇಳಿಸುತ್ತಿಲ್ಲ

1889ರಲ್ಲಿ ಸ್ಟ್ರಾಸ್‌ಬರ್ಗ್ ಊರಿನಲ್ಲಿ ಮಿಂಕೋವ್‌ಸ್ಕಿ ಮತ್ತು ಫಾನ್ ಮೆರಿಂಗ್ ಎಂಬಿಬ್ಬರು ನಾಯಿಯೊಂದರ ಮೇದೋಜೀರಕ ಗ್ರಂಥಿಯನ್ನು ತೆಗೆದಾಗ ಅದಕ್ಕೆ ಸಕ್ಕರೆ ಕಾಯಿಲೆ ಬಂತು. 1921ರಲ್ಲಿ ಟೊರಾಂಟೊದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಆ ಗ್ರಂಥಿಯಿಂದ ಇನ್ಸುಲಿನ್ ತೆಗೆದರು. ಮರುವರ್ಷವೇ ಅದು ಹದಿನಾಲ್ಕರ ಹುಡುಗನೊಬ್ಬನ ಜೀವ ಉಳಿಸಿತು. ಜಗತ್ತು ನಿಟ್ಟುಸಿರು ಬಿಟ್ಟಿತು. ಇನ್ಸುಲಿನ್ ಕಡಿಮೆಯಾದರೆ ರೋಗ, ಇನ್ಸುಲಿನ್ ಕೊಟ್ಟರೆ ಗುಣ. ಲೆಕ್ಕ ಮುಗಿಯಿತು ಎನಿಸಿತು.

ಲೆಕ್ಕ ಮುಗಿದಿರಲಿಲ್ಲ. 1936ರಲ್ಲಿ ಲಂಡನ್ನಿನ ಹೆರಾಲ್ಡ್ ಹಿಮ್ಸ್‌ವರ್ತ್ ಎಂಬ ವೈದ್ಯರು ರೋಗಿಗಳಿಗೆ ಇನ್ಸುಲಿನ್ ಮತ್ತು ಸಕ್ಕರೆ ಎರಡನ್ನೂ ಒಟ್ಟಿಗೆ ಕೊಟ್ಟು ನೋಡಿದರು. ಕೆಲವರ ಮೈ ಇನ್ಸುಲಿನ್ನಿಗೆ ಒಡನೆ ಓಗೊಟ್ಟಿತು. ಇನ್ನು ಕೆಲವರದು ಕಿವಿಗೇ ಹಾಕಿಕೊಳ್ಳಲಿಲ್ಲ. 1960ರ ಹೊತ್ತಿಗೆ ನ್ಯೂಯಾರ್ಕಿನಲ್ಲಿ ರೊಸಾಲಿನ್ ಯಾಲೋ ಮತ್ತು ಸಾಲೊಮನ್ ಬರ್ಸನ್ ರಕ್ತದಲ್ಲಿರುವ ಇನ್ಸುಲಿನ್ನನ್ನು ಅಳೆಯುವ ವಿಧಾನ ಕಂಡುಹಿಡಿದರು. ಆ ಸಾಧನೆಗಾಗಿ ಯಾಲೋ ಅವರಿಗೆ 1977ರಲ್ಲಿ ನೊಬೆಲ್ ಬಂತು. ಬರ್ಸನ್ ಅಷ್ಟರಲ್ಲಿ ತೀರಿಕೊಂಡಿದ್ದರು. ಅಳೆದು ನೋಡಿದರೆ ವಯಸ್ಕರಾದ ಮೇಲೆ ಸಕ್ಕರೆ ಕಾಯಿಲೆ ಬಂದ ಅನೇಕರಲ್ಲಿ ಇನ್ಸುಲಿನ್ ಧಾರಾಳವಾಗಿಯೇ ಇತ್ತು!

ನಮ್ಮ ಭಾಷೆಯಲ್ಲಿ ಹೇಳುವುದಾದರೆ, ಕೇಂದ್ರದಿಂದ ಪ್ರಸಾರ ಸರಿಯಾಗಿಯೇ ಹೋಗುತ್ತಿದೆ, ಮನೆಯ ರೇಡಿಯೋ ಮಾತ್ರ ಹಿಡಿಯುತ್ತಿಲ್ಲ. ಕೇಳಿಸುತ್ತಿಲ್ಲವೆಂದು ಕೇಂದ್ರ ಇನ್ನೂ ಜೋರಾಗಿ ಕೂಗುತ್ತದೆ. ಕೂಗಿ ಕೂಗಿ ಒಂದು ದಿನ ಗಂಟಲು ಕಟ್ಟುತ್ತದೆ. ಆಗ ರಕ್ತಪರೀಕ್ಷೆಯಲ್ಲಿ ಸಕ್ಕರೆ ಕಾಣಿಸಿಕೊಳ್ಳುತ್ತದೆ. ಹಾಗಾದರೆ ನಡುವೆ ಗರಗರ ಸದ್ದು ಮಾಡಿ ಅಡ್ಡಿಪಡಿಸುತ್ತಿರುವುದು ಯಾವುದು?

ಮಾರ್ಸೇಲ್ಸ್‌ನ ವೈದ್ಯರ ಮಾತು

ಉತ್ತರದ ಎಳೆ ಸಿಕ್ಕಿದ್ದು ನಮ್ಮ ಮುಂಬೈಯಂತೆಯೇ ಬಂದರಿನ ಊರಾದ ಫ್ರಾನ್ಸಿನ ಮಾರ್ಸೇಲ್ಸ್‌ನಲ್ಲಿ. ಅಲ್ಲಿನ ವೈದ್ಯ ಜಾನ್ ವಾಗ್ ದಪ್ಪಗಿರುವ ರೋಗಿಗಳನ್ನು ತಕ್ಕಡಿಯ ಬದಲು ಕಣ್ಣಿನಿಂದ ಅಳೆದರು. ಕೆಲವರಿಗೆ ಕೊಬ್ಬು ತೊಡೆ, ನಿತಂಬಗಳಲ್ಲಿ ಸೇರುತ್ತದೆ. ಇದು ಹೆಚ್ಚಾಗಿ ಹೆಂಗಸರಲ್ಲಿ ಕಾಣುವ ಆಕಾರ, ನಮ್ಮ ಸೋರೆಬುರುಡೆಯಂತೆ. ಇನ್ನು ಕೆಲವರಿಗೆ ಕೊಬ್ಬು ಹೊಟ್ಟೆ ಮತ್ತು ಮೇಲ್ಮೈಯಲ್ಲಿ ಸೇರುತ್ತದೆ. ಇದು ಹೆಚ್ಚಾಗಿ ಗಂಡಸರ ಆಕಾರ, ಸೇಬಿನಂತೆ. ಸಕ್ಕರೆ ಕಾಯಿಲೆ, ರಕ್ತನಾಳಗಳ ತೊಂದರೆ, ಕೀಲುಗಳ ಗೌಟ್ ಎಲ್ಲ ಈ ಎರಡನೆಯ ಗುಂಪಿನವರನ್ನೇ ಹುಡುಕಿಕೊಂಡು ಬರುತ್ತವೆ. ಹೆಂಗಸರಾದರೂ ಆಕಾರ ಇದಾಗಿದ್ದರೆ ಬಿಡುವುದಿಲ್ಲ ಎಂದು ಅವರು ಹೇಳಿದರು. 1947ರಲ್ಲಿ ಫ್ರೆಂಚಿನಲ್ಲಿ ಬರೆದರು, 1956ರಲ್ಲಿ ಇಂಗ್ಲಿಷಿನಲ್ಲೂ ಬರೆದರು.

ಅವರ ಮಾತಿಗೆ ತಕ್ಕ ಮನ್ನಣೆ ಬೇಗ ಸಿಗಲಿಲ್ಲ. ಅದು ತಕ್ಕಡಿಯ ಕಾಲ. 1940ರ ದಶಕದಲ್ಲಿ ಅಮೆರಿಕದ ವಿಮಾ ಕಂಪನಿಯೊಂದು ಸಿದ್ಧಪಡಿಸಿದ ಎತ್ತರ-ತೂಕದ ಪಟ್ಟಿ ವೈದ್ಯರ ಗೋಡೆಗಳ ಮೇಲೆ ನೇತಾಡುತ್ತಿತ್ತು. ಮುಂದೆ 1972ರಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ, ಹತ್ತೊಂಬತ್ತನೆಯ ಶತಮಾನದ ಬೆಲ್ಜಿಯಂ ಪಂಡಿತ ಕೆಟ್ಲೆ ಕೊಟ್ಟಿದ್ದ ಒಂದು ಸೂತ್ರಕ್ಕೆ ಬಿಎಂಐ ಎಂಬ ಹೆಸರು ಕೊಟ್ಟರು. ಕೆಜಿಯಲ್ಲಿರುವ ತೂಕವನ್ನು ಮೀಟರಿನಲ್ಲಿರುವ ಎತ್ತರದ ವರ್ಗದಿಂದ ಭಾಗಿಸಿದರೆ ಬರುವ ಸಂಖ್ಯೆಯೇ ಅದು. ಲೆಕ್ಕ ಸುಲಭ, ಜಗತ್ತು ಒಪ್ಪಿಕೊಂಡಿತು. ಆದರೆ ಆ ಸಂಖ್ಯೆಗೆ ಕೊಬ್ಬು ಯಾವುದು, ಸ್ನಾಯು ಯಾವುದು ಎಂದು ಗೊತ್ತಾಗುವುದಿಲ್ಲ. ಕೊಬ್ಬು ತೊಡೆಯಲ್ಲಿದೆಯೋ ಹೊಟ್ಟೆಯಲ್ಲಿದೆಯೋ ಎಂಬುದೂ ಗೊತ್ತಾಗುವುದಿಲ್ಲ.

ತಮಾಷೆಯೆಂದರೆ ವಿಮಾ ಕಂಪನಿಗಳಿಗೆ ಹೊಟ್ಟೆಯ ಗುಟ್ಟು ಇಪ್ಪತ್ತನೆಯ ಶತಮಾನದ ಆರಂಭದಲ್ಲೇ ಸ್ವಲ್ಪ ತಿಳಿದಿತ್ತು. ಎದೆಗಿಂತ ಹೊಟ್ಟೆಯ ಸುತ್ತಳತೆ ಹೆಚ್ಚಿರುವ ಪಾಲಿಸಿದಾರರು ಬೇಗ ಸಾಯುತ್ತಾರೆಂದು ಅಮೆರಿಕದ ಕಂಪನಿಗಳು ಲೆಕ್ಕಹಾಕಿದ್ದವು. ಹಣ ಕೊಡಬೇಕಾದವರ ಕಣ್ಣು ಯಾವಾಗಲೂ ಚುರುಕು.

ಟೇಪು ಬಂತು, ಸ್ಕ್ಯಾನೂ ಬಂತು

ವಾಗ್ ಅವರ ಮಾತಿಗೆ ಗಟ್ಟಿ ಸಾಕ್ಷಿ ಒದಗಿದ್ದು 1980ರ ದಶಕದಲ್ಲಿ. ಸ್ವೀಡನ್ನಿನ ಗೊಥೆನ್‌ಬರ್ಗ್ ನಗರದಲ್ಲಿ 1913ರಲ್ಲಿ ಹುಟ್ಟಿದ 792 ಗಂಡಸರನ್ನು ಅವರ 54ನೆಯ ವಯಸ್ಸಿನಲ್ಲಿ ಟೇಪು ಹಿಡಿದು ಅಳೆದಿದ್ದರು. ನಡುವಿನ ಸುತ್ತಳತೆ ಎಷ್ಟು, ನಿತಂಬದ ಸುತ್ತಳತೆ ಎಷ್ಟು ಎಂದು ಬರೆದಿಟ್ಟು ಹದಿಮೂರು ವರ್ಷಕ್ಕೂ ಮೀರಿ ಕಾದರು. 1984 ಮತ್ತು 1985ರಲ್ಲಿ ಫಲಿತಾಂಶ ಹೊರಬಂತು. ನಿತಂಬಕ್ಕೆ ಹೋಲಿಸಿದರೆ ನಡು ದಪ್ಪವಾಗಿದ್ದವರಿಗೆ ಹೃದಯಾಘಾತವೂ ಹೆಚ್ಚು, ಸಕ್ಕರೆ ಕಾಯಿಲೆಯೂ ಹೆಚ್ಚು. ಒಟ್ಟು ತೂಕವನ್ನು ಲೆಕ್ಕಕ್ಕೆ ಹಿಡಿದ ಮೇಲೂ ಈ ನಂಟು ಅಳಿಯಲಿಲ್ಲ.

ಹೊಟ್ಟೆಯೊಳಗೆ ನಡೆಯುತ್ತಿರುವುದೇನು ಎಂದು ತೋರಿಸಿದ್ದು ಜಪಾನ್. ಸಿಟಿ ಸ್ಕ್ಯಾನ್ ಬಳಕೆಗೆ ಬಂದ ಮೇಲೆ ಒಸಾಕಾ ವಿಶ್ವವಿದ್ಯಾಲಯದ ಯುಜಿ ಮತ್ಸುಜಾವಾ ಮತ್ತು ಸಂಗಡಿಗರು 1980ರ ದಶಕದಲ್ಲಿ ಹೊಕ್ಕುಳ ಮಟ್ಟದಲ್ಲಿ ಅಡ್ಡ ಚಿತ್ರ ತೆಗೆದು ನೋಡಿದರು. ಹೊಟ್ಟೆಯ ಕೊಬ್ಬಿನಲ್ಲಿ ಎರಡು ಜಾತಿ ಕಂಡಿತು. ಒಂದು ಚರ್ಮದ ಕೆಳಗಿನದು, ಕೈಯಲ್ಲಿ ಹಿಡಿದು ಹಿಂಡಬಹುದಾದದ್ದು. ಇನ್ನೊಂದು ಕರುಳು, ಪಿತ್ತಜನಕಾಂಗಗಳ ಸುತ್ತ ಒಳಗೇ ಅಡಗಿರುವುದು. ಕಾಟ ಕೊಡುವುದು ಮುಖ್ಯವಾಗಿ ಈ ಒಳಗಿನ ಕೊಬ್ಬು. ಸುಮೋ ಕುಸ್ತಿಯವರನ್ನು ನೆನೆಸಿಕೊಳ್ಳಿ. ಬೆಟ್ಟದಂಥ ಹೊಟ್ಟೆ! ಆದರೆ ದಿನವೂ ಕಠಿಣ ಅಭ್ಯಾಸ ಮಾಡುವ ಪೈಲ್ವಾನರ ಹೊಟ್ಟೆಯಲ್ಲಿ ಕೊಬ್ಬಿನ ಬಹುಪಾಲು ಚರ್ಮದ ಕೆಳಗೇ ಇತ್ತು, ಒಳಗೆ ಕಡಿಮೆ ಇತ್ತು. ರಕ್ತದ ಸಕ್ಕರೆಯೂ ಹದದಲ್ಲಿತ್ತು. 2008ರಲ್ಲಿ ಜಪಾನ್ ಸರ್ಕಾರ 40ರಿಂದ 74 ವಯಸ್ಸಿನವರ ಆರೋಗ್ಯ ತಪಾಸಣೆಯಲ್ಲಿ ನಡುವಿನ ಅಳತೆಯನ್ನೇ ಸೇರಿಸಿತು.

ಒಳಗಿನ ಕೊಬ್ಬು ಯಾಕೆ ಕೆಟ್ಟದ್ದು? ನಮ್ಮ ಹಳ್ಳಿಮನೆಯ ಕಣಜವನ್ನು ನೆನಪಿಸಿಕೊಳ್ಳಿ. ಚರ್ಮದ ಕೆಳಗಿನ ಕೊಬ್ಬು ಕಣಜದಲ್ಲಿರುವ ಕಾಳಿನಂತೆ, ಇರುವ ಜಾಗದಲ್ಲೇ ಇರುತ್ತದೆ. ಕಣಜ ತುಂಬಿದ ಮೇಲೂ ಕಾಳು ಬರುತ್ತಲೇ ಇದ್ದರೆ ಅದನ್ನು ಅಡುಗೆಮನೆಯಲ್ಲಿ, ಪಡಸಾಲೆಯಲ್ಲಿ ಸುರಿಯಬೇಕಾಗುತ್ತದೆ. ಆಮೇಲೆ ಮನೆಯ ಯಾವ ಕೆಲಸವೂ ಸರಾಗವಾಗಿ ಸಾಗುವುದಿಲ್ಲ. ಕರುಳಿನ ಸುತ್ತಲಿನ ಕೊಬ್ಬಿನಿಂದ ಜಿಡ್ಡಿನ ಆಮ್ಲಗಳು ನೇರವಾಗಿ ಪಿತ್ತಜನಕಾಂಗಕ್ಕೆ ಹರಿಯುತ್ತವೆ. ಅಲ್ಲಿ ಇನ್ಸುಲಿನ್ನಿನ ಮಾತು ನಡೆಯದಂತಾಗುತ್ತದೆ, ಬೇಡದ ಹೊತ್ತಿನಲ್ಲೂ ಸಕ್ಕರೆ ತಯಾರಾಗುತ್ತದೆ. ರೇಡಿಯೋದ ಗರಗರ ಸದ್ದು ಎಂದೆನಲ್ಲ, ಅದರ ಒಂದು ದೊಡ್ಡ ಮೂಲ ಇದೇ.

ನಮ್ಮ ಕಣಜ ಚಿಕ್ಕದು

ಇನ್ನು ನಮ್ಮ ಮನೆ ಬಾಗಿಲಿಗೆ ಬರೋಣ. 1991ರಲ್ಲಿ ಮೆಕೀಗ್, ಬೇಲಾ ಷಾ ಮತ್ತು ಮಾರ್ಮಟ್ ಎಂಬ ಮೂವರು ಲಂಡನ್ನಿನಲ್ಲಿ ನೆಲಸಿದ್ದ ದಕ್ಷಿಣ ಏಷ್ಯಾದವರನ್ನೂ ಅಲ್ಲಿನ ಬಿಳಿಯರನ್ನೂ ಹೋಲಿಸಿ ಒಂದು ಅಧ್ಯಯನ ಪ್ರಕಟಿಸಿದರು. 40ರಿಂದ 69 ವಯಸ್ಸಿನ ಆ ಜನರಲ್ಲಿ ಸಕ್ಕರೆ ಕಾಯಿಲೆ ಬಿಳಿಯರಲ್ಲಿ ನೂರಕ್ಕೆ 4 ಮಂದಿಗಿದ್ದರೆ, ನಮ್ಮ ಕಡೆಯವರಲ್ಲಿ ನೂರಕ್ಕೆ 19 ಮಂದಿಗಿತ್ತು. ಎದ್ದು ಕಂಡ ಇನ್ನೊಂದು ವ್ಯತ್ಯಾಸ, ನಮ್ಮವರ ಕೊಬ್ಬು ನಡುವಿನಲ್ಲೇ ಸೇರಿಕೊಂಡಿತ್ತು.

ಊರು ಬಿಟ್ಟು ಹೋದವರ ಕಥೆ ಇದಾದರೆ, ಊರಲ್ಲೇ ಇದ್ದವರ ಕಥೆ ಮೈಸೂರಿನಲ್ಲಿತ್ತು. ಅಲ್ಲಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ, ಊರವರ ಬಾಯಲ್ಲಿ ಮಿಷನ್ ಆಸ್ಪತ್ರೆ, 1934ರಿಂದಲೂ ತನ್ನಲ್ಲಿ ಹುಟ್ಟಿದ ಪ್ರತಿ ಮಗುವಿನ ತೂಕ, ಉದ್ದ, ತಲೆಯ ಸುತ್ತಳತೆಯನ್ನು ಬರೆದಿಟ್ಟುಕೊಂಡಿತ್ತು. ಹೆರಿಗೆ ಕೋಣೆಯ ದಾದಿಯರು ಅಂದು ಬರೆದದ್ದು ಒಂದು ದಿನ ಜಗತ್ತಿಗೆ ಬೇಕಾಗುತ್ತದೆ ಎಂದು ಯಾರು ಎಣಿಸಿದ್ದರು? ಇಂಗ್ಲೆಂಡಿನ ಸೌತಾಂಪ್ಟನ್ನಿನ ಕ್ಯಾರೊಲಿನ್ ಫಾಲ್ ಮತ್ತು ಮೈಸೂರಿನ ವೈದ್ಯರು 1990ರ ದಶಕದಲ್ಲಿ ಆ ದಾಖಲೆಗಳ ಜಾಡು ಹಿಡಿದು, ಮಧ್ಯವಯಸ್ಸಿಗೆ ಬಂದಿದ್ದ ಐನೂರಕ್ಕೂ ಹೆಚ್ಚು ಮಂದಿಯನ್ನು ಹುಡುಕಿ ಪರೀಕ್ಷಿಸಿದರು. ಹುಟ್ಟಿದಾಗ ಉದ್ದ ಕಡಿಮೆಯಿದ್ದು ಗುಂಡಗಿದ್ದ ಮಕ್ಕಳಿಗೆ, ಭಾರವಾಗಿದ್ದ ತಾಯಂದಿರ ಮಕ್ಕಳಿಗೆ ಮುಂದೆ ಸಕ್ಕರೆ ಕಾಯಿಲೆ ಹೆಚ್ಚಾಗಿ ಬಂದಿತ್ತು ಎಂದು 1998ರಲ್ಲಿ ವರದಿಯಾಯಿತು. ನಲವತ್ತು ಐವತ್ತರಲ್ಲಿ ಕಾಣಿಸುವ ರೋಗದ ಬೇರು ತೊಟ್ಟಿಲಿಗೂ ಹಿಂದೆ, ತಾಯಿಯ ಗರ್ಭದಲ್ಲೂ ಇರಬಹುದು ಎಂದಾಯಿತು.

ಪುಣೆಯ ಕೇಳುಗರಿಗೆ ಕೆಇಎಂ ಆಸ್ಪತ್ರೆ ಗೊತ್ತಿದ್ದೇ ಇದೆ. ಅಲ್ಲಿನ ಡಾಕ್ಟರ್ ಚಿತ್ತರಂಜನ್ ಯಾಜ್ಞಿಕ್ ಮತ್ತು ಸಂಗಡಿಗರು 1993ರಿಂದ ಪುಣೆ ಹತ್ತಿರದ ಆರು ಹಳ್ಳಿಗಳ ತಾಯಿ-ಮಕ್ಕಳ ಅಧ್ಯಯನ ಕೈಗೊಂಡರು. ಅಲ್ಲಿ ಹುಟ್ಟಿದ ಮಕ್ಕಳ ಸರಾಸರಿ ತೂಕ 2.7 ಕೆಜಿ, ಸೌತಾಂಪ್ಟನ್ನಿನ ಮಕ್ಕಳದು 3.5 ಕೆಜಿ. ನಮ್ಮ ಮಕ್ಕಳು ಎಲ್ಲ ಅಳತೆಯಲ್ಲೂ ಚಿಕ್ಕವರು. ಆದರೆ ಬೆನ್ನಿನ ಚರ್ಮದ ಕೆಳಗಿನ ಕೊಬ್ಬಿನಲ್ಲಿ ಮಾತ್ರ ಅಷ್ಟೇನೂ ಹಿಂದೆ ಬಿದ್ದಿರಲಿಲ್ಲ. ಹೊಟ್ಟೆಗೆ ಸಾಲದೆ ಹೊಲದಲ್ಲಿ ದುಡಿಯುವ ತಾಯಿಯ ಗರ್ಭದಲ್ಲಿ ಮಗು ಸ್ನಾಯುವನ್ನು ಬಿಟ್ಟುಕೊಟ್ಟು ಕೊಬ್ಬನ್ನು ಉಳಿಸಿಕೊಂಡಿತ್ತು. ಸಣಕಲು ಮೈ, ಒಳಗೆ ಕೊಬ್ಬು.

2004ರಲ್ಲಿ ಯಾಜ್ಞಿಕ್ ಅವರು ಲಂಡನ್ನಿನ ತಮ್ಮ ಗೆಳೆಯ ಡಾಕ್ಟರ್ ಜಾನ್ ಯಡ್ಕಿನ್ ಜೊತೆ ನಿಂತ ಚಿತ್ರವೊಂದು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಅಚ್ಚಾಯಿತು. ಇಬ್ಬರ ಬಿಎಂಐ ಒಂದೇ, 22.3. ತೂಕದ ಯಂತ್ರ ಇಬ್ಬರಿಗೂ "ಪರವಾಗಿಲ್ಲ" ಎಂದೇ ಹೇಳುತ್ತಿತ್ತು. ಆದರೆ ಯಡ್ಕಿನ್ ಮೈಯಲ್ಲಿ ಕೊಬ್ಬು ಶೇಕಡಾ 9.1, ಯಾಜ್ಞಿಕ್ ಮೈಯಲ್ಲಿ ಶೇಕಡಾ 21.2. ಸಂಶೋಧಕರೇ ತಮ್ಮ ಮೈಯನ್ನು ಉದಾಹರಣೆಯಾಗಿ ಕೊಟ್ಟು ಇಡೀ ಉಪಖಂಡದ ಕಥೆಯನ್ನು ಒಂದು ಚಿತ್ರದಲ್ಲಿ ಹೇಳಿಬಿಟ್ಟರು.

ಕಣಜದ ಹೋಲಿಕೆಯಲ್ಲೇ ಹೇಳಬೇಕೆಂದರೆ ನಮ್ಮ ಕಣಜ ಚಿಕ್ಕದು, ಬೇಗ ತುಂಬಿ ಚೆಲ್ಲುತ್ತದೆ. ವಂಶದಿಂದ ಬಂದದ್ದೂ ಇದೆ, ಗರ್ಭದಲ್ಲಿ ಕಲಿತದ್ದೂ ಇದೆ, ನಗರದಲ್ಲಿ ರೂಢಿಸಿಕೊಂಡದ್ದೂ ಇದೆ. ಆದ್ದರಿಂದಲೇ ನಮ್ಮವರಿಗೆ ಅಳತೆಯನ್ನು ಬಿಗಿ ಮಾಡಬೇಕಾಯಿತು. ಅಮೆರಿಕದಲ್ಲಿ ಗಂಡಸರಿಗೆ 102, ಹೆಂಗಸರಿಗೆ 88 ಸೆಂಟಿಮೀಟರ್ ಎಂಬ ಗೆರೆ ಇದ್ದರೆ, ನಮ್ಮ ದೇಶದ ತಜ್ಞರು 2009ರಲ್ಲಿ ಒಪ್ಪಿದ ಗೆರೆ ಗಂಡಸರಿಗೆ 90, ಹೆಂಗಸರಿಗೆ 80.

ಚೆನ್ನೈ ಕೊಟ್ಟ ಧೈರ್ಯ

ಹಾಗೆಂದು ಹಣೆಬರಹ ಎಂದು ಕೈಚೆಲ್ಲಬೇಕಾಗಿಲ್ಲ. ಚೆನ್ನೈಯ ಡಾಕ್ಟರ್ ಎ. ರಾಮಚಂದ್ರನ್ ಮತ್ತು ಸಂಗಡಿಗರು ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿ ನಿಂತಿದ್ದ 531 ಮಂದಿಯನ್ನು ಆರಿಸಿ ಮೂರು ವರ್ಷ ಗಮನಿಸಿದರು. ಏನೂ ವಿಶೇಷ ಸಲಹೆ ಸಿಗದ ಗುಂಪಿನಲ್ಲಿ ನೂರಕ್ಕೆ 55 ಮಂದಿ ರೋಗಿಗಳಾದರು. ದಿನಕ್ಕೆ ಅರ್ಧ ಗಂಟೆ ಚುರುಕಾಗಿ ನಡೆಯಿರಿ, ಸಕ್ಕರೆ, ಮೈದಾ, ಎಣ್ಣೆ ಕಡಿಮೆ ಮಾಡಿ ಎಂದು ಬೆನ್ನುಬಿಡದೆ ಹೇಳಿದ ಗುಂಪಿನಲ್ಲಿ ಆ ಸಂಖ್ಯೆ 39ಕ್ಕೆ ಇಳಿಯಿತು. 2006ರಲ್ಲಿ ಪ್ರಕಟವಾದ ಈ ಫಲಿತಾಂಶದ ಸ್ವಾರಸ್ಯವೇನು ಗೊತ್ತೇ? ಅವರ ತೂಕ ಇಳಿದಿರಲಿಲ್ಲ! ತಕ್ಕಡಿ ಅಲ್ಲಾಡದಿದ್ದರೂ ಒಳಗೆ ಒಳ್ಳೆಯದು ನಡೆದಿತ್ತು. ವಾಕಿಂಗ್ ಹೋಗಿಯೂ ತೂಕ ಇಳಿಯುತ್ತಿಲ್ಲವೆಂದು ನಿಲ್ಲಿಸಿಬಿಟ್ಟವರು ಈ ಸಾಲನ್ನು ಇನ್ನೊಮ್ಮೆ ಓದಿ.

ಈ ಧೈರ್ಯ ನಮಗೆ ಬೇಕು. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆಯ ಅಂದಾಜಿನಂತೆ ದೇಶದಲ್ಲಿ 10.1 ಕೋಟಿ ಜನರಿಗೆ ಸಕ್ಕರೆ ಕಾಯಿಲೆ ಇದೆ. ಬಿಎಂಐ ಲೆಕ್ಕದಲ್ಲಿ ಬೊಜ್ಜಿನವರು ಶೇಕಡಾ 28.6 ಆದರೆ ಹೊಟ್ಟೆಯ ಅಳತೆಯಲ್ಲಿ ಶೇಕಡಾ 39.5. ತಕ್ಕಡಿ ಮತ್ತು ಟೇಪು ಕೊಡುವ ಲೆಕ್ಕದ ನಡುವೆ ಎಷ್ಟು ದೊಡ್ಡ ಅಂತರ, ನೋಡಿ.

ಆ ಅಂತರದಲ್ಲಿ ನಮ್ಮವರೂ ಇದ್ದಾರೆ. ಬೆಳಗಿನಿಂದ ರಾತ್ರಿಯವರೆಗೆ ಹೋಟೆಲಿನ ಗಲ್ಲಾದಲ್ಲಿ ಕೂರುವವರು, ಟ್ಯಾಕ್ಸಿ ಓಡಿಸುವವರು, ಬ್ಯಾಂಕು-ಕಂಪನಿಗಳ ಕುರ್ಚಿಗೆ ಅಂಟಿಕೊಂಡವರು, ಎಲ್ಲರಿಗೂ ಬಡಿಸಿ ಉಳಿದದ್ದನ್ನು ರಾತ್ರಿ ಹತ್ತಕ್ಕೆ ಉಣ್ಣುವ ಮನೆಯ ಹೆಂಗಸರು. ಕೈಕಾಲು ಸಣ್ಣ, ಹೊಟ್ಟೆ ಮಾತ್ರ ಸ್ವಲ್ಪ ಮುಂದೆ. ರಜೆಗೆ ಊರಿಗೆ ಹೋದಾಗ ಚಿಕ್ಕಮ್ಮ "ಈಗ ನೋಡು, ಮೈಕೈ ತುಂಬಿಕೊಂಡಿದ್ದೀಯ" ಎಂದು ಸಂತೋಷಪಡುತ್ತಾರೆ. ಹೊಟ್ಟೆ ತುಂಬದ ದಿನಗಳನ್ನು ಕಂಡ ತಲೆಮಾರಿನ ಆ ಸಂತೋಷ ಸುಳ್ಳಲ್ಲ. ಆದರೆ ತುಂಬಿಕೊಂಡದ್ದು ಮೈಕೈಯೋ ಹೊಟ್ಟೆಯೋ ಎಂದು ಈಗ ನಾವು ಕೇಳಿಕೊಳ್ಳಬೇಕು. ಹಾಗೆಯೇ ಹೊಟ್ಟೆ ಬಂದವರನ್ನು ತಿಂಡಿಪೋತರೆಂದು ಹಂಗಿಸುವವರೂ ಮೈಸೂರು, ಪುಣೆಯ ಕಥೆಯನ್ನು ನೆನಪಿಡಬೇಕು. ಈ ಹೊಟ್ಟೆಯಲ್ಲಿ ಒಂದು ಪಾಲು ನಮ್ಮ ತಾಯಂದಿರು, ಅಜ್ಜಿಯಂದಿರು ಉಂಡ ಹಸಿವಿನದು.

ಇನ್ನು ಅಳತೆಯ ವಿಷಯ. ನಿಮ್ಮ ಪ್ಯಾಂಟಿನ ನಂಬರನ್ನು ನಂಬಬೇಡಿ. ಹೊಟ್ಟೆ ಬೆಳೆದಂತೆ ನಾವು ಪ್ಯಾಂಟನ್ನು ಅದರ ಕೆಳಗೆ ಇಳಿಸಿ ಕಟ್ಟುತ್ತೇವೆ, ನಂಬರು ಮೊದಲಿನದೇ ಉಳಿಯುತ್ತದೆ. ಟೇಪನ್ನು ಪಕ್ಕೆಲುಬಿನ ಕೊನೆಗೂ ಸೊಂಟದ ಮೂಳೆಯ ತುದಿಗೂ ನಡುವೆ, ಬರಿಮೈಗೆ, ಉಸಿರು ಸಹಜವಾಗಿ ಬಿಟ್ಟಾಗ ಸುತ್ತಬೇಕು. ಹೊಟ್ಟೆ ಒಳಗೆ ಎಳೆದುಕೊಂಡರೆ ನಮಗೆ ನಾವೇ ಮೋಸ ಮಾಡಿಕೊಂಡಂತೆ.

ಟೇಪು ಇಲ್ಲವೇ? ದಾರ ಸಾಕು. ನಡು ಎತ್ತರದ ಅರ್ಧವನ್ನು ಮೀರಬಾರದು ಎಂಬ ನಿಯಮವನ್ನು ಇಂಗ್ಲೆಂಡಿನ ಆರೋಗ್ಯ ಸಂಸ್ಥೆ 2022ರಲ್ಲಿ ತನ್ನ ಸಲಹೆಯಲ್ಲಿ ಸೇರಿಸಿತು. ನಿಮ್ಮಷ್ಟೇ ಉದ್ದದ ದಾರ ತೆಗೆದುಕೊಂಡು ಎರಡಾಗಿ ಮಡಿಚಿ ನಡುವಿಗೆ ಸುತ್ತಿ ನೋಡಿ. ತುದಿಗಳು ಸೇರದಿದ್ದರೆ ಗಾಬರಿ ಬೇಡ, ಉದಾಸೀನವೂ ಬೇಡ. ಒಮ್ಮೆ ಡಾಕ್ಟರರನ್ನು ಕಂಡು ರಕ್ತಪರೀಕ್ಷೆ ಮಾಡಿಸಿಕೊಳ್ಳಿ. ಮಕ್ಕಳ ಉಡಿದಾರ ಬಿಗಿಯಾಯಿತೇ ಸಡಿಲವಾಯಿತೇ ಎಂದು ನೋಡಿ ಅವರ ಬೆಳವಣಿಗೆ ತಿಳಿಯುತ್ತಿದ್ದ ಅಜ್ಜಿಯರ ಊರಿನಿಂದ ಬಂದವರು ನಾವು. ದಾರದ ಮಾತು ನಮಗೆ ಹೊಸದೇನಲ್ಲ.

ದಾರ ಸುತ್ತಿ ನೋಡುವಾಗ ಮನೆಯಲ್ಲಿ ಒಬ್ಬರೇ ನೋಡಬೇಡಿ; ಅಮ್ಮನಿಗೂ ಹೆಂಡತಿಗೂ ಸುತ್ತಿ ನೋಡಿ, ಅವರು "ನನಗೇಕೆ" ಎಂದರೂ ಬಿಡಬೇಡಿ. ಮುಂದಿನ ಸಂಚಿಕೆಯಲ್ಲಿ ಇನ್ನೊಂದು ಕಥೆಯೊಂದಿಗೆ ಭೇಟಿಯಾಗೋಣ. ಅಲ್ಲಿಯವರೆಗೆ ಕೇಳುತ್ತಿರಿ, ನಡೆಯುತ್ತಿರಿ.

ನಿಮ್ಮ ಉದ್ಘೋಷಕಿ